ದೇವದುರ್ಗದಲ್ಲಿ ಭೂಗೋಳದ ಪರೀಕ್ಷೆ

ರಾಯಚೂರಿನಿಂದ ಹೊರಟ ಬಸ್ಸು ಕೆಡಬಹುದಿತ್ತು, ಹಾಲ್ ಟಿಕೆಟ್ ಮನೆಯಲ್ಲೇ ಉಳಿಯಬಹುದಿತ್ತು, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಬಿ.ಎ. ಬರೆಯಲು ಬಂದ ನನ್ನನ್ನು ಮೇಲ್ವಿಚಾರಕನೆಂದು ತಿಳಿದು ಹುಡುಗರು ಎದ್ದು ನಿಲ್ಲಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಭಯವೆಂದರೆ, ಮಾನವ ಭೂಗೋಳದಲ್ಲಿ ಮೂರನೇ ಸಲವೂ ಫೇಲಾಗಬಹುದಿತ್ತು.

ಬಸ್ಸಿನಲ್ಲಿ ‘ವಲಸೆ: ತಳ್ಳುವ ಅಂಶ, ಸೆಳೆಯುವ ಅಂಶ’ ಎಂದು ಗೊಣಗುತ್ತಿದ್ದೆ.

“ಏನ್ರೀ ಸರ, ಮಂತ್ರ ಹೇಳಾಕತ್ತೀರೇನು?” ಎಂದಳು ಪಕ್ಕದಲ್ಲಿದ್ದ ಮಸರಕಲ್ ಊರಿನ ಅಜ್ಜಿ.

“ಮಂತ್ರ ಅಲ್ಲಬೇ ಯವ್ವಾ, ಪರೀಕ್ಷಾ ಅದ. ಮಂದಿ ಊರು ಯಾಕ ಬಿಡ್ತಾರ ಅಂತ ಬರೀಬೇಕು.”

“ಇಷ್ಟೇ ಏನು? ನನ್ನ ಸೊಸಿ ಮನಿ ಕಟ್ಟೋ ಗೌಂಡಿ ಕೆಲಸಕ್ಕ ಪುಣೆಕ್ಕ ಹೋಗ್ಯಾಳ. ಸೆಳದದ್ದು ಅಲ್ಲಿ ಕೂಲಿ. ತಳ್ಳಿದಾಕಿ ನಾನ!”

ಬಸ್ಸಿಗೆ ಬಸ್ಸೇ ನಕ್ಕಿತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ, ಉದಾಹರಣೆ ಸಹಿತ ಬರೆಯಿರಿ ಎಂದು. ಅಜ್ಜಿಯನ್ನು ‘ಕೌಟುಂಬಿಕ ಕಾರಣ’ ಎಂದು ಕರೆದು ಎರಡು ಪುಟ ತುಂಬಿಸಿದೆ. ಈ ಸಲ ಪಾಸಾಗುತ್ತೇನೆ. ಹೀಗೆ ಬರೆಯಲೂ ಕೈ ಹೆದರುತ್ತಿಲ್ಲ.

ಆ ನಿರಾಳದಲ್ಲೇ ಬಸ್‌ಸ್ಟ್ಯಾಂಡಿಗೆ ಬಂದು, ಜೀವನದಲ್ಲಿ ಮೊದಲ ಬಾರಿ ಬೋರ್ಡು ಓದದೆ, ರಾಯಚೂರಿನದೇ ಎಂದುಕೊಂಡ ಬಸ್ಸಿನಲ್ಲಿ ಸೀಟು ಹಿಡಿಯಲು ಕಿಟಕಿಯಿಂದ ಒಳಗೆ ಟವಲ್ ಎಸೆದು ಚಹಾ ಕುಡಿಯಲು ಹೋದೆ. ಟವಲ್ ಈಗ ಮಾನ್ವಿಯ ದಾರಿಯಲ್ಲಿದೆ.