ಬರೀ ನೀರಿನಲ್ಲಿ ಬಿದ್ದ ಹಳದಿ

ಕೆಲಸದಲ್ಲಿ ಭಾರಿ ಚುರುಕು ಎಂದು ಅನ್ನಿಸಿಕೊಳ್ಳುವ ಚಟ ನನಗಿತ್ತು. ಆಗ ನಾನು ವಿಜಾಪುರದ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿ ಡೆಮಾನ್‌ಸ್ಟ್ರೇಟರ್. ತೊಳೆದ ಗಾಜಿನ ಸಾಮಾನು ತಾನಾಗಿ ಒಣಗುವವರೆಗೆ ಕಾಯುವ ತಾಳ್ಮೆ ನನಗೆಲ್ಲಿ? ಒಂದಿಷ್ಟು ಸ್ಪಿರಿಟ್ ಸುರಿದು ಅಲುಗಿಸಿದರೆ ನೀರು ಅದರ ಜೊತೆ ಹೋಗುತ್ತಿತ್ತು, ಉಳಿದ ಸ್ಪಿರಿಟ್ ಬೇಗ ಆರುತ್ತಿತ್ತು. ಆರದಿದ್ದರೆ ಏನು ಗತಿ ಎಂದು ನಾನು ಯೋಚಿಸಿದವನೇ ಅಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅವ್ವ ಸುಮ್ಮನೆ ಅನ್ನುತ್ತಿರಲಿಲ್ಲ.

ಅದು ದಾರೂಬಂದಿಯ, ಅಂದರೆ ಪಾನನಿಷೇಧದ ಕಾಲ. ಅನುಮಾನದ ಶೀಸೆಗಳನ್ನು ಪೊಲೀಸ್ ಫೌಜದಾರರು ಮೊದಲು ನಮ್ಮಲ್ಲಿಗೆ ತರುತ್ತಿದ್ದರು. ಒಂದು ಮಧ್ಯಾಹ್ನ ತಿಕೋಟಾದ ಹಕೀಮರೊಬ್ಬರ ಅಜವಾನದ, ಅಂದರೆ ಓಮದ, ಅರ್ಕ ಬಂತು. ತಾಮ್ರದ ಹಂಡೆಯಲ್ಲಿ ಅಜವಾನ ಕುದಿಸಿ, ಉಗಿಯನ್ನು ತಣಿಸಿ ಇಳಿಸಿದ ನೀರು ಅದು. ತಿಕೋಟಾ, ಬಬಲೇಶ್ವರದ ಕಡೆ ಕೂಸಿಗೆ ಹೊಟ್ಟೆನೋವು ಬಂದರೆ ಅದನ್ನೇ ಕುಡಿಸುತ್ತಿದ್ದರು. ಹಕೀಮರು ಅದಕ್ಕೆ ದಾರೂ ಬೆರೆಸುತ್ತಾರೆಂದು ಯಾರೋ ಚಾಡಿ ಹೇಳಿದ್ದರು.

ನಾನು ಅದನ್ನು ಬಟ್ಟಿ ಇಳಿಸಿದೆ. ದಾರೂ ಇದ್ದರೆ ನೀರಿಗಿಂತ ಮೊದಲು, ಎಂಬತ್ತು ಡಿಗ್ರಿಯ ಆಸುಪಾಸಿನಲ್ಲೇ ಅದು ಉಗಿಯಾಗಿ ಬರಬೇಕು. ಥರ್ಮಾಮೀಟರು ಅಲ್ಲಿ ನಿಲ್ಲದೆ ನೇರ ನೂರರತ್ತ ಹೋಯಿತು. ಸ್ವಲ್ಪವೇ ಬೆರೆಸಿರಬೇಕು ಎಂದುಕೊಂಡೆ. ಮೊದಲ ಹನಿಗಳಿಗೆ ಅಯೋಡಿನ್, ಕಾಸ್ಟಿಕ್ ಸೋಡಾ ಹಾಕಿ ಬೆಚ್ಚಗೆ ಮಾಡಿದೆ. ದಾರೂ ಇದ್ದಾಗ ಬೀಳುವ ಹಳದಿ ಪುಡಿ ಬಿತ್ತು, ದವಾಖಾನೆಯ ವಾಸನೆ ಬಂತು. 'ದಾರೂ ಇದೆ' ಎಂದು ಚೀಟಿ ಬರೆದು, ಮೀಸೆ ತಿರುವುತ್ತ ಸಹಿ ಹಾಕಿದೆ. ಮರುದಿನ ಹಕೀಮರ ಹಂಡೆ ಜಪ್ತಿಯಾಯಿತು.

ಮೂರು ದಿನ ಕಳೆದು ವಿದ್ಯಾರ್ಥಿಗಳಿಗೆ ಅದೇ ಪರೀಕ್ಷೆ ತೋರಿಸಲು ಬರೀ ನೀರನ್ನು ಬಟ್ಟಿ ಇಳಿಸಿದೆ. ಅದಕ್ಕೂ ಹಳದಿ ಬಿತ್ತು. ಉಗಿ ತಣಿಸುವ ಕೊಳವೆಯನ್ನು ಮೂಸಿದೆ. ಬೆಳಿಗ್ಗೆ ನಾನೇ ಸುರಿದ ಸ್ಪಿರಿಟ್ ಒಳಗೆ ಇನ್ನೂ ಹಸಿಯಾಗಿತ್ತು. ಸ್ಪಿರಿಟ್ ಎಂದರೂ ದಾರೂವೇ; ಹಕೀಮರ ಅರ್ಕ ಇಳಿಸಿದ ದಿನವೂ ಕೊಳವೆಯನ್ನು ಹೀಗೆಯೇ ಒಣಗಿಸಿದ್ದೆ. ಆಗಲೇ ಫೌಜದಾರರ ಬಳಿ ಓಡಬೇಕಿತ್ತು. ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆಂಬ ಹೆದರಿಕೆಯಲ್ಲಿ ನಾಳೆ ನೋಡೋಣ ಎಂದು ಸುಮ್ಮನಾದೆ.

ಮರುದಿನ ಹಕೀಮರೇ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದು ಸ್ಟೂಲಿನ ಮೇಲೆ ಕುಳಿತರು.

"ಮಾಸ್ತರ, ಐದ ಹೊತ್ತ ನಮಾಜ ಮಾಡಾವ್ರಿ ನಾನು. ಮಂದಿ ದಾರೂ ಹಕೀಮ ಅನ್ನಾಕತ್ತಾರ. ಮಸೀದ್ಯಾಗ ಬಾಜೂಕ ನಿಂತವ್ರು ಸರಕೊಂಡ ನಿಲ್ತಾರ. ಪರೀಕ್ಷಾ ಮಾಡಿದವ್ರಿಗೆ ಇನ್ನೊಮ್ಮೆ ನೋಡಾಕ ಹೇಳ್ರಿ."

"ಅವ್ರು ನೌಕರಿ ಬಿಟ್ಟ ಧಾರವಾಡಕ್ಕ ಹೋಗ್ಯಾರ್ರಿ ಚಾಚಾ" ಎಂದೆ.

ಅವರು ಬಹಳ ಹೊತ್ತು ಹಾಗೇ ಕುಳಿತಿದ್ದರು. ಆಮೇಲೆ ಎದ್ದು ಹೋದರು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಪುಣೆಯ ಪ್ರಯೋಗಶಾಲೆಯೊಂದರಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರ ನೋಡಿದೆ. ಒಂದು ಹನಿ ಚುಚ್ಚಿದರೆ ಸಾಕು, ಅದರಲ್ಲಿ ಬೆರೆತದ್ದನ್ನೆಲ್ಲ ಬೇರ್ಪಡಿಸಿ ಒಂದೊಂದಕ್ಕೂ ಕಾಗದದ ಮೇಲೆ ಒಂದೊಂದು ಗುಡ್ಡ ಗೀಚುತ್ತಿತ್ತು. ಯಂತ್ರ ನಡೆಸುವಾಕೆ ಮಾದರಿ ಹಾಕುವ ಮೊದಲು ಏನೂ ಹಾಕದೆ ಒಮ್ಮೆ ಓಡಿಸಿದಳು. ಏಕೆಂದು ಕೇಳಿದೆ. ನಮ್ಮ ಹೊಲಸನ್ನು ಮಾದರಿಯ ತಲೆಗೆ ಕಟ್ಟಬಾರದಲ್ಲ ಎಂದಳು.

ಊರಿಗೆ ಬಂದವನೇ ತಿಕೋಟಾದ ಬಸ್ಸು ಹತ್ತಿದೆ. ಹಕೀಮರ ಮನೆಯ ಕಟ್ಟೆಯ ಮೇಲೆ ಕುಳಿತು ಕೊಳವೆಯ ಕಥೆಯನ್ನೆಲ್ಲ ಹೇಳಿದೆ. ತಪ್ಪು ನನ್ನದೆಂದು ಬರೆದುಕೊಡುತ್ತೇನೆ ಎಂದೆ.

"ಈಗ ದಾರೂಬಂದಿನ ಎದ್ದ ಹೋಗೇತ್ರಿ. ನಿಮ್ಮ ಚೀಟಿ ಯಾರಿಗೆ ಬೇಕು?" ಎಂದರು. ಆಮೇಲೆ, "ಪರೀಕ್ಷಾ ಮಾಡಿದವ್ರು ನೀವ ಅಂತ ನನಗ ಅವತ್ತ ಗೊತ್ತಿತ್ರಿ. ಫೌಜದಾರ್ರು ತೋರ್ಸಿದ ಚೀಟ್ಯಾಗ ನಿಮ್ಮ ಹೆಸರ ಇತ್ತು. ಮುಖದ ಮ್ಯಾಲ ಹೆಂಗ ಕೇಳೂದಂತ ಹಂಗ ಅಂದೆ. ನೀವ ಹೇಳ್ತೀರಿ ಅಂತ ಅಷ್ಟ ಹೊತ್ತ ಕುಂತಿದ್ದೆ" ಎಂದರು.

ಕೊಳವೆಯ ಕಥೆ ಹೇಳುವಾಗಲೂ, ಪರೀಕ್ಷೆ ಮಾಡಿದವರು ಧಾರವಾಡಕ್ಕೆ ಹೋದರೆಂದ ಆ ಸುಳ್ಳೊಂದನ್ನು ಮಾತ್ರ ನಾನು ನುಂಗಿಕೊಂಡಿದ್ದೆ. ಅದಕ್ಕೆ ಕ್ಷಮೆ ಕೇಳಲು ಬಾಯಿ ಬರಲಿಲ್ಲ.