ಇಪ್ಪತ್ತು ನಿಮಿಷದಲ್ಲಿ ತೊಳೆದ ನೆಲ

2023ರ ಚಳಿಗಾಲದಲ್ಲಿ ನಾನು ಡೆಟ್ರಾಯಿಟ್ ಬಳಿಯ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ, ಕಾರುಗಳಿಗೆ ಗೇರ್ ತಯಾರಿಸುವ ಒಂದು ಕಾರ್ಖಾನೆಯ ಸೇಫ್ಟಿ ಮ್ಯಾನೇಜರ್ ಆಗಿದ್ದೆ. ಮೈಸೂರಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದವನು. ಷಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನ ಗೋದಾಮೊಂದರಲ್ಲಿ ಒಂಬತ್ತು ವರ್ಷ ಇದೇ ಕೆಲಸ ಮಾಡಿ ಇಲ್ಲಿಗೆ ಬಂದಿದ್ದೆ. ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ಬೆಳಿಗ್ಗೆ ಬಂದವರು ಬಂದ ಹಾಗೇ ಸಂಜೆ ಮನೆಗೆ ಹೋಗೋ ಹಾಗೆ ನೋಡ್ಕೊಳ್ಳೋದು" ಎನ್ನುತ್ತಿದ್ದೆ. ಈಗ ನಿವೃತ್ತನಾಗಿದ್ದೇನೆ. ಆ ಮಾತು ಹೇಳುವುದನ್ನು ನಿವೃತ್ತಿಗೂ ಮೊದಲೇ ಬಿಟ್ಟಿದ್ದೆ.

ಕಾರ್ಖಾನೆ ಎಂದರೆ ಜನ ಯಂತ್ರಕ್ಕೆ ಹೆದರುತ್ತಾರೆ, ನೆಲಕ್ಕೆ ಹೆದರುವುದಿಲ್ಲ. ನಮ್ಮಲ್ಲಿ ಗೇರ್ ಕೊರೆಯುವ ಯಂತ್ರಗಳ ಮೇಲೆ ಸದಾ ಎಣ್ಣೆ ಬೆರೆತ ತಂಪು ದ್ರವ ಸುರಿಯುತ್ತಿರುತ್ತದೆ. ಅದರ ಹನಿಗಳು ಮಂಜಿನಂತೆ ಗಾಳಿಗೆ ಏರಿ, ನಿಧಾನಕ್ಕೆ ಇಳಿದು, ನಡೆದಾಡುವ ದಾರಿಯ ಮೇಲೆ ಕೂರುತ್ತವೆ. ಅದನ್ನು ತೆಗೆಯಲು ಡಿಗ್ರೀಸರ್ ಎಂಬ ಕ್ಷಾರದ ದ್ರಾವಣ ಬೇಕು. ಸ್ಕ್ರಬ್ಬರ್ ಎಂಬ ಗಾಡಿಯನ್ನು ತಳ್ಳಿಕೊಂಡು ಹೋದರೆ ಮುಂದಿನ ಬ್ರಷ್ ಈ ದ್ರಾವಣದಲ್ಲಿ ನೆಲ ಉಜ್ಜುತ್ತದೆ, ಹಿಂದಿನ ರಬ್ಬರ್ ಪಟ್ಟಿ ನೀರನ್ನು ಬಳಿದು ಒಳಗೆಳೆದುಕೊಳ್ಳುತ್ತದೆ. ಆದರೆ ಒಂದೇ ಸಲ ಉಜ್ಜಿ ಬಿಟ್ಟರೆ ಎಣ್ಣೆ ಹೋಗಿ ಡಿಗ್ರೀಸರ್‌ನ ತೆಳುವಾದ ಪೊರೆ ಉಳಿಯುತ್ತದೆ. ಅದು ಎಣ್ಣೆಗಿಂತ ಕೆಟ್ಟದ್ದು. ಕೊಳಕು ನೆಲದ ಮೇಲೆ ಎಲ್ಲರೂ ನೋಡಿಕೊಂಡು ಹೆಜ್ಜೆ ಇಡುತ್ತಾರೆ, ಹೊಳೆಯುವ ನೆಲದ ಮೇಲೆ ಯಾರೂ ನೋಡುವುದಿಲ್ಲ. ಆದ್ದರಿಂದ ಬರೀ ನೀರಿನಲ್ಲಿ ಎರಡನೇ ಸಲ ಗಾಡಿ ಓಡಿಸಲೇಬೇಕು. ನಮ್ಮ ಮುಖ್ಯ ದಾರಿಯನ್ನು ಎರಡು ಸಲ ಮುಗಿಸಲು ಮೂವತ್ತೆರಡು ನಿಮಿಷ ಬೇಕಿತ್ತು. ಸ್ಟಾಪ್‌ವಾಚ್ ಹಿಡಿದು ನಾನೇ ಅಳೆದಿದ್ದೆ.

ಮಧ್ಯಾಹ್ನ ಆ ಗಾಡಿ ತಳ್ಳುತ್ತಿದ್ದವರು ಶಾಂತಕ್ಕ. ಐವತ್ತೆಂಟು ವರ್ಷ, ಹುಬ್ಬಳ್ಳಿಯವರು. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ್ದರು. ಇಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ಮಗಳು ಸವಿತಾ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಿದ್ದಳು. ಮನೆಯಲ್ಲಿ ಸುಮ್ಮನೆ ಕೂರಲಾಗದೆ, ನಮಗೆ ಕ್ಲೀನಿಂಗ್ ಕೆಲಸದವರನ್ನು ಒದಗಿಸುತ್ತಿದ್ದ ಗುತ್ತಿಗೆ ಕಂಪನಿಗೆ ಸೇರಿದ್ದರು. ನಾನು ಕ್ಯಾಂಟೀನಿನಲ್ಲಿ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಎದುರು ಬಂದು ನಿಂತು, "ಕನ್ನಡದವ್ರೇನ್ರಿ ಸರ?" ಎಂದು ಕೇಳಿದ್ದರು. ಆ ಮುಖದಲ್ಲಿ ಕಂಡ ಸಂತೋಷ ನನಗೆ ಇನ್ನೂ ನೆನಪಿದೆ.

ಗುತ್ತಿಗೆ ಕಂಪನಿಯ ಟ್ರೇನಿಂಗ್ ಎಂದರೆ ಒಂದು ಇಂಗ್ಲಿಷ್ ವಿಡಿಯೊ. ಶಾಂತಕ್ಕನಿಗೆ ಅದರಲ್ಲಿ ಅರ್ಧವೂ ಅರ್ಥವಾಗಿರಲಿಲ್ಲ. ಹಾಗಾಗಿ ನಾನೇ ಒಂದು ಗಂಟೆ ಕೂರಿಸಿಕೊಂಡು ಕನ್ನಡದಲ್ಲಿ ಹೇಳಿಕೊಟ್ಟೆ. ಒಂದು ಗ್ಯಾಲನ್ ನೀರಿಗೆ ಎರಡು ಔನ್ಸ್ ಡಿಗ್ರೀಸರ್, ಹೆಚ್ಚು ಹಾಕಬಾರದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ದಾರಿಯ ಎರಡೂ ತುದಿಯಲ್ಲಿ, ನೆಲ ಒದ್ದೆ ಎಂದು ಎಚ್ಚರಿಸುವ ಹಳದಿ ಬೋರ್ಡ್. ಎರಡನೇ ಸಲ ಬರೀ ನೀರು ಯಾಕೆ ಎಂದು ನಾನು ವಿವರಿಸಲು ಹೊರಟಾಗ ಅವರೇ ತಡೆದರು.

"ಭಾಂಡೆ ತೊಳದಂಗಲ್ಲೇನ್ರಿ ಸರ? ಸಾಬೂನ ಹಚ್ಚಿ ಹಂಗ ಇಟ್ರ ಅದರಾಗ ಅನ್ನ ಹಾಕಾಕ ಬರ್ತೈತೇನ್ರಿ?"

ನನ್ನ ಇಪ್ಪತ್ತಾರು ವರ್ಷದ ವೃತ್ತಿಯಲ್ಲಿ ಯಾವ ಎಂಜಿನಿಯರೂ ಇಷ್ಟು ಬೇಗ ಅದನ್ನು ಹಿಡಿದಿರಲಿಲ್ಲ.

ಅಕ್ಟೋಬರಿನಲ್ಲಿ ಹೊಸ ಗೇರ್ ಒಂದರ ಆರ್ಡರ್ ಬಂತು. ಎರಡು ಶಿಫ್ಟ್‌ಗಳ ನಡುವೆ ನೆಲ ತೊಳೆಯಲು ಮೂವತ್ತೈದು ನಿಮಿಷ ಸಿಗುತ್ತಿತ್ತು, ಹೆಚ್ಚು ಗೇರ್ ತೆಗೆಯಲೆಂದು ಅದನ್ನು ಇಪ್ಪತ್ತಕ್ಕೆ ಇಳಿಸಿದರು. ಇಪ್ಪತ್ತು ನಿಮಿಷದಲ್ಲಿ ಒಂದು ಸಲ ಉಜ್ಜಬಹುದು, ಎರಡು ಸಲ ಆಗುವುದಿಲ್ಲ. ವಾರದ ನಂತರ ನಾನು ನೆಲದ ಹಿಡಿತ ಅಳೆಯುವ ಮೀಟರ್ ಇಟ್ಟು ನೋಡಿದೆ; ಅಂಕಿ ಇಳಿದಷ್ಟೂ ನೆಲ ಹೆಚ್ಚು ಜಾರುತ್ತದೆ. ಒದ್ದೆ ನೆಲಕ್ಕೆ ನಾವು ಒಪ್ಪಿಕೊಂಡಿದ್ದ ಕನಿಷ್ಠ ಮಟ್ಟ 0.42. ಮೀಟರ್ ತೋರಿಸಿದ್ದು 0.29. ಜೊತೆಗೆ ಸ್ಕ್ರಬ್ಬರಿನ ರಬ್ಬರ್ ಪಟ್ಟಿಯೂ ಸವೆದುಹೋಗಿತ್ತು. ಆ ಪಟ್ಟಿಗೆ ನಾಲ್ಕು ಅಂಚು ಇರುತ್ತವೆ, ಒಂದು ಸವೆದರೆ ತಿರುಗಿಸಿ ಹಾಕಬಹುದು. ಹಾಗೆ ತಿರುಗಿಸಿಕೊಡುತ್ತಿದ್ದವನು ರಾನ್ ಎಂಬ ನಮ್ಮ ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್. ಅದು ಅವನ ಕೆಲಸವಲ್ಲ. ಶಾಂತಕ್ಕ ಬಗ್ಗಿ ಬೋಲ್ಟ್ ಬಿಚ್ಚಲು ಒದ್ದಾಡುವುದನ್ನು ನೋಡಿ ಮಾಡಿಕೊಡುತ್ತಿದ್ದ. ಈಗ ನಾಲ್ಕೂ ಅಂಚು ಮುಗಿದಿದ್ದವು. ಹೊಸ ಪಟ್ಟಿ ತರಿಸುತ್ತೇವೆ ಎಂದು ಗುತ್ತಿಗೆ ಕಂಪನಿ ಹೇಳುತ್ತಲೇ ಇತ್ತು.

ನಾನು ಆಕ್ಷನ್ ಐಟಂ ತೆರೆದೆ. ಅಂದರೆ ಇಂಥ ಅಪಾಯವಿದೆ, ಇಂಥವರು ಇಷ್ಟು ದಿನದಲ್ಲಿ ಸರಿಪಡಿಸಬೇಕು ಎಂಬ ಲಿಖಿತ ದಾಖಲೆ. ಹಳೆಯ ಮೂವತ್ತೈದು ನಿಮಿಷ ವಾಪಸ್ ಕೊಡಿ, ಇಲ್ಲವಾದರೆ ದಾರಿಯನ್ನು ಎರಡು ಭಾಗ ಮಾಡಿ ಒಂದೊಂದು ದಿನ ಒಂದೊಂದು ಭಾಗ ತೊಳೆಯೋಣ ಎಂದು ಬರೆದೆ. ಪ್ರೊಡಕ್ಷನ್ ಮ್ಯಾನೇಜರ್ ಕೀತ್ ಕೆಟ್ಟವನಲ್ಲ. ಅವನ ತಲೆಯ ಮೇಲೂ ಯಾರೋ ಕೂತಿದ್ದರು. "ಬೋರ್ಡ್ ಇಡ್ತಾರಲ್ಲ, ಇನ್ನೇನು?" ಎಂದ. ಆರು ವಾರ ಕಳೆಯಿತು. ಗಡುವು ಮೀರಿದ ಐಟಂಗಳು ಗೋಡೆಯ ಪಟ್ಟಿಯಲ್ಲಿ ಕೆಂಪು ಬಣ್ಣದಲ್ಲಿ ಕಾಣುತ್ತವೆ. ಗ್ರಾಹಕ ಕಂಪನಿಯ ಆಡಿಟ್‌ಗೆ ನಾಲ್ಕು ದಿನ ಉಳಿದಿದ್ದವು. ಪಟ್ಟಿಯಲ್ಲಿ ಕೆಂಪಾಗಿ ಉಳಿದಿದ್ದದ್ದು ನನ್ನದೊಂದೇ.

ನಾನು ಇನ್ನೆರಡು ಹಳದಿ ಬೋರ್ಡ್ ತರಿಸಿದೆ. 'ಹೆಚ್ಚುವರಿ ಬೋರ್ಡ್ ಒದಗಿಸಲಾಗಿದೆ' ಎಂದು ಬರೆದು ಐಟಂ ಕ್ಲೋಸ್ ಮಾಡಿದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಡಿಸೆಂಬರ್ ಮಧ್ಯದ ಒಂದು ಮಂಗಳವಾರ, ಮಧ್ಯಾಹ್ನ ಎರಡೂ ಐವತ್ತಕ್ಕೆ, ಉತ್ಪಾದನೆಯ ಲೈನ್ ಶುರುವಾಗುವ ಹೊತ್ತಿಗೆ ಒಂದು ಯಂತ್ರದ ಸೆನ್ಸರ್ ಅಲಾರಾಂ ಹೊಡೆದುಕೊಂಡಿತು. ರಾನ್ ಟೂಲ್ ಬ್ಯಾಗ್ ಹಿಡಿದು ಆಗಷ್ಟೇ ತೊಳೆದ ದಾರಿಯಲ್ಲಿ ಹೊರಟ. ಶಾಂತಕ್ಕ ಇಟ್ಟಿದ್ದ ಬೋರ್ಡನ್ನು ಫೋರ್ಕ್‌ಲಿಫ್ಟ್‌ನವನೊಬ್ಬ ದಾರಿಗೆ ಅಡ್ಡವೆಂದು ಪಕ್ಕಕ್ಕೆ ಸರಿಸಿದ್ದ. ರಾನ್ ಹಿಂದಕ್ಕೆ ಬಿದ್ದ. ತಲೆಯ ಹಿಂಭಾಗ ಯಂತ್ರದ ಸುತ್ತಲಿನ ಬೇಲಿಯ ಕಂಬದ ಕಬ್ಬಿಣದ ಬುಡಕ್ಕೆ ಬಡಿಯಿತು.

ನಾನು ನಾಲ್ಕು ನಿಮಿಷದಲ್ಲಿ ಅಲ್ಲಿದ್ದೆ. ಕಣ್ಣು ತೆರೆದೇ ಇತ್ತು, ಆದರೆ ಅವನು ನಮ್ಮನ್ನು ನೋಡುತ್ತಿರಲಿಲ್ಲ. ನಾನು ಮಂಡಿಯೂರಿದಾಗ ನನ್ನ ಮಂಡಿಯೇ ಜಾರಿತು. ಆಂಬುಲೆನ್ಸಿನವರು ಅವನನ್ನು ಎತ್ತಿಕೊಂಡು ಹೋದ ಮೇಲೆ ತಿರುಗಿ ನೋಡಿದರೆ, ಇಪ್ಪತ್ತು ಅಡಿ ಆಚೆ ಶಾಂತಕ್ಕ ಸ್ಕ್ರಬ್ಬರಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದರು. ನಾನು ಹೋಗಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ಸರ, ನೀರ ಹಾಕಿದ್ದು ನಾನ ರೀ," ಎಂದರು.

ಕೆಲಸದವರು ಆಸ್ಪತ್ರೆಗೆ ಸೇರಿದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ತಿಳಿಸಿದೆವು. ಮೊದಲು ನಿಮ್ಮದೇ ತನಿಖೆ ಮಾಡಿ ವರದಿ ಕಳಿಸಿ ಎಂದು ಉತ್ತರ ಬಂತು. ಮೂರನೇ ದಿನ ಕಾನ್ಫರೆನ್ಸ್ ಕೋಣೆಯಲ್ಲಿ ಕೂತೆವು. ಎಚ್‌ಆರ್‌ನ ಲಿಂಡಾ ಲ್ಯಾಪ್‌ಟಾಪ್ ತೆರೆದು ಟೈಪ್ ಮಾಡುತ್ತಿದ್ದಳು. ಅವಳ ಪಕ್ಕ ಕೀತ್, ಎದುರಿಗೆ ಶಾಂತಕ್ಕ. ಇಂಗ್ಲಿಷಿನಲ್ಲಿ ಗಾಬರಿಯಾಗುತ್ತದೆ ಎಂದು ಅವರು ಹೇಳಿದ್ದರಿಂದ, ಅವರ ಮಾತನ್ನು ಅನುವಾದಿಸುವ ಕೆಲಸ ನನಗೆ ಬಂತು. ನಾನು ಬೇಡ ಎನ್ನಬೇಕಿತ್ತು. ಅಪಾಯವನ್ನು ಬರೆದವನೂ ನಾನೇ, ಅದನ್ನು ಮುಚ್ಚಿದವನೂ ನಾನೇ. ಬೇಡ ಎನ್ನಲಿಲ್ಲ.

ಲಿಂಡಾ ಕೇಳಿದ ಪ್ರಶ್ನೆ ಇಷ್ಟು: ಬೋರ್ಡ್ ಇಟ್ಟಿದ್ದಿರಾ? ನೀರಿನಲ್ಲಿ ಎರಡನೇ ಸಲ ತೊಳೆದಿರಾ?

ಶಾಂತಕ್ಕ ನನ್ನನ್ನೇ ನೋಡುತ್ತ ಹೇಳಿದರು: "ಬೋರ್ಡ್ ಇಟ್ಟಿದ್ದೆರಿ. ಆಮ್ಯಾಲೆ ಹೊಳ್ಳಿ ನೋಡಲಿಲ್ರಿ. ಎರಡನೇ ಸಲ ತೊಳದಿಲ್ರಿ. ಟೈಮ್ ಎಲ್ಲೈತ್ರಿ ಸರ? ಇಪ್ಪತ್ತ ಮಿನಿಟಿಗೆ ಲೈನ್ ಬಿಡಬೇಕಂತಾರ. ನಾ ಸೂಪರ್‌ವೈಸರ್‌ಗೂ ಹೇಳೀನ್ರಿ, ನಿಮಗೂ ಹೇಳೀನಿ."

ಹೌದು, ನನಗೂ ಹೇಳಿದ್ದರು. ನವೆಂಬರಿನಲ್ಲಿ, ಕ್ಯಾಂಟೀನಿನಲ್ಲಿ. ನೋಡ್ತೀನಿ ಅಂದಿದ್ದೆ.

ನಾನು ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಬೋರ್ಡ್ ಇಟ್ಟಿದ್ದರಂತೆ, ಆಮೇಲೆ ತಿರುಗಿ ನೋಡಲಿಲ್ಲವಂತೆ, ಎರಡನೇ ಸಲ ತೊಳೆದಿಲ್ಲವಂತೆ. ಲಿಂಡಾ "ಒಂದು ನಿಮಿಷ" ಎಂದು ಕೈ ಎತ್ತಿ, ಟೈಪ್ ಮಾಡಿ, ತಲೆ ಎತ್ತಿ ನೋಡಿದಳು. "ಇನ್ನೇನಾದರೂ ಹೇಳಿದರಾ?"

ಕೀತ್ ಮೇಜಿನ ಮೇಲಿನ ತನ್ನ ಕೈಗಳನ್ನು ನೋಡುತ್ತಿದ್ದ. ಉಳಿದ ಮಾತು ನನ್ನ ಬಾಯಲ್ಲೇ ಇತ್ತು. ಅದನ್ನು ಆಡಿದರೆ ಮುಂದಿನ ಪ್ರಶ್ನೆ ಇಪ್ಪತ್ತು ನಿಮಿಷದ ಬಗ್ಗೆ, ಅದರ ಮುಂದಿನದು ನಾನು ಕ್ಲೋಸ್ ಮಾಡಿದ ಐಟಂ ಬಗ್ಗೆ.

"ಇಲ್ಲ, ಅಷ್ಟೇ," ಎಂದೆ.

ಶಾಂತಕ್ಕ ತಲೆಯಾಡಿಸಿದರು. ಅವರ ಮಾತೆಲ್ಲ ತಲುಪಿತು ಎಂದುಕೊಂಡಿದ್ದರು.

ವರದಿಯಲ್ಲಿ ಮೂಲ ಕಾರಣ ಎಂಬ ಕಾಲಂ ಇರುತ್ತದೆ. ಅಲ್ಲಿ 'ಕ್ಲೀನಿಂಗ್ ಸಿಬ್ಬಂದಿ ನಿಗದಿತ ವಿಧಾನ ಪಾಲಿಸಲಿಲ್ಲ' ಎಂದು ಬರೆಯಲಾಯಿತು. ಅದರ ಕೆಳಗೆ ನಾನು ಸಹಿ ಹಾಕಿದೆ. ಗುತ್ತಿಗೆ ಕಂಪನಿ ಮರುದಿನವೇ ಅವರನ್ನು ಕೆಲಸದಿಂದ ತೆಗೆಯಿತು. ಜನವರಿ ಮೊದಲ ವಾರ, ಯಾರೂ ಏನೂ ಹೇಳದೆ, ನೆಲ ತೊಳೆಯುವ ಸಮಯ ಮತ್ತೆ ಮೂವತ್ತೈದು ನಿಮಿಷವಾಯಿತು. ಸ್ಕ್ರಬ್ಬರಿಗೆ ಹೊಸ ಪಟ್ಟಿಯೂ ಬಂತು. ಮೀಟರ್ ಇಟ್ಟು ನೋಡಿದೆ, 0.51. ಆ ಅಂಕಿ ನೋಡಿ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತೆ. ಏಳಲು ಮನಸ್ಸಾಗಲಿಲ್ಲ.

ರಾನ್ ಬದುಕಿದ. ನಡೆಯುತ್ತಾನೆ, ಊಟ ಮಾಡುತ್ತಾನೆ. ಆದರೆ ಮಾತು ಹೋಗಿದೆ. ನಾನು ನೋಡಲು ಹೋದಾಗ ಚಮಚ, ಕಿಟಕಿ, ತನ್ನ ಹೆಂಡತಿ, ಎಲ್ಲಕ್ಕೂ "ಅದು" ಎಂಬ ಒಂದೇ ಪದ ಹೇಳಿದ. ನಿವೃತ್ತಿಗೆ ಅವನಿಗೆ ಹದಿನೆಂಟು ತಿಂಗಳು ಉಳಿದಿತ್ತು.

ಫೆಬ್ರವರಿಯ ಒಂದು ಭಾನುವಾರ ಸವಿತಾ ಫೋನ್ ಮಾಡಿದಳು. "ಅಂಕಲ್, ಅವ್ವ ಮಾತೇ ಆಡ್ತಿಲ್ಲ. ಗುಳಿಗಿ ಕೊಟ್ಟಾರ, ಏನೂ ಉಪಯೋಗ ಆಗವಲ್ದು. ನೀವೊಮ್ಮೆ ಬಂದು ಮಾತಾಡ್ತೀರೇನು?"

ಹೊರಗೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ, ಹಿಂದಿನ ದಿನ ಬಿದ್ದ ಹಿಮ ಇನ್ನೂ ಕರಗಿರಲಿಲ್ಲ. ಅವರ ಬಡಾವಣೆಗೆ ಏಳು ಮೈಲಿ. ಡ್ರೈವ್ ಮಾಡುತ್ತ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡೆ. ಶಾಂತಕ್ಕ ಸೋಫಾದ ತುದಿಯಲ್ಲಿ ಕೂತಿದ್ದರು. ಅರ್ಧ ಆಗಿಹೋಗಿದ್ದರು.

ಎಲ್ಲ ಹೇಳಿದೆ. ಐಟಂ ತೆರೆದದ್ದು, ಮುಚ್ಚಿದ್ದು, ಕೋಣೆಯಲ್ಲಿ ಅವರ ಮಾತಿನ ಅರ್ಧವನ್ನು ನುಂಗಿದ್ದು. "ತಪ್ಪು ನಿಮ್ಮದಲ್ಲ ಶಾಂತಕ್ಕ. ನೀವು ಟೈಮ್ ಇಲ್ಲ ಅಂದ್ರಿ. ನಾನು ಅದನ್ನ ಅವರಿಗೆ ಹೇಳಲೇ ಇಲ್ಲ."

ಅವರಿಗೆ ಸಿಟ್ಟು ಬರಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನೀವು ದೊಡ್ಡವರು, ನನ್ನ ಸಮಾಧಾನಕ್ಕ ಹೇಳ್ತೀರಿ," ಎಂದರು. "ನೀವ ಕಲಿಸಿದ್ರಿ ಎರಡ ಸಲ ತೊಳೀಬೇಕಂತ. ನನಗ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ. ಆ ಮನಶ್ಯಾ ನನ್ನ ಗಾಡಿ ರಿಪೇರಿ ಮಾಡಿಕೊಡ್ತಿದ್ದ."

ಸವಿತಾ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಇದನ್ನ ಬರೆದು ಕೊಡ್ತೀರೇನು ಅಂಕಲ್?"

ಬರೆದುಕೊಟ್ಟೆ. ಕಾರ್ಖಾನೆಗೂ ಕಳಿಸಿದೆ, ಸರ್ಕಾರದ ಇಲಾಖೆಗೂ ಕಳಿಸಿದೆ. ಪ್ರಕರಣ ಮುಕ್ತಾಯವಾಗಿದೆ, ನಿಮ್ಮ ಪತ್ರವನ್ನು ಕಡತಕ್ಕೆ ಸೇರಿಸಿದ್ದೇವೆ ಎಂದು ಕಾರ್ಖಾನೆಯ ವಕೀಲರು ಉತ್ತರಿಸಿದರು. ಇಲಾಖೆಯಿಂದ ಒಬ್ಬರು ಫೋನ್ ಮಾಡಿ ಸೌಜನ್ಯದಿಂದ ಮಾತಾಡಿದರು, ಹೊಸ ವ್ಯವಸ್ಥೆ ಸುರಕ್ಷಿತವಾಗಿದೆಯೇ ಎಂದು ಕೇಳಿದರು. ಇದೆ ಎಂದೆ. ಅದು ನಿಜವೂ ಆಗಿತ್ತು. ಸವಿತಾ ಪತ್ರವನ್ನು ತಾಯಿಗೆ ಮೂರು ಸಲ ಕನ್ನಡದಲ್ಲಿ ಓದಿ ಹೇಳಿದಳಂತೆ. ಮೂರು ಸಲವೂ ಅವರು, "ಪಾಪ, ಅವರಿಗೇನಾರ ತ್ರಾಸ ಆದೀತು, ಹರದ ಹಾಕು" ಎಂದರಂತೆ.

ಈ ವೃತ್ತಿಗೆ ಹೊಸದಾಗಿ ಬರುವವರಿಗೆ ಏನು ಹೇಳುತ್ತೀರಿ ಎಂದು ಕೇಳುತ್ತಾರೆ. ಒಂದು ಅಪಾಯವನ್ನು ಕಾಗದದಲ್ಲಿ ಮುಚ್ಚುವ ಮೊದಲು ಆ ನೆಲದ ಮೇಲೆ ನೀವೇ ನಡೆದು ನೋಡಿ ಎನ್ನುತ್ತೇನೆ. ಮೂಲ ಕಾರಣದ ಕಾಲಂನಲ್ಲಿ ಮನುಷ್ಯರ ಹೆಸರು ಬಂದರೆ ಪೆನ್ನು ಕೆಳಗಿಡಿ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ನನಗೂ ಇದೆಲ್ಲ ಮೊದಲೇ ಗೊತ್ತಿತ್ತು ಎಂಬುದನ್ನು ಮಾತ್ರ ಅವರಿಗೆ ಹೇಗೆ ಹೇಳಬೇಕೋ ತಿಳಿಯುವುದಿಲ್ಲ.

ಆ ಭಾನುವಾರ ಹೊರಡಲು ಬಾಗಿಲ ಬಳಿ ಬೂಟು ಹಾಕಿಕೊಂಡೆ. ಅದಕ್ಕೆ ಮೆತ್ತಿದ್ದ ಹಿಮ ಕರಗಿ ಮರದ ನೆಲದ ಮೇಲೆ ಅಂಗೈಯಗಲ ನೀರು ನಿಂತಿತ್ತು. ಶಾಂತಕ್ಕ ಅದನ್ನು ನೋಡಿ ಸೋಫಾದಿಂದ ಎದ್ದುಬಂದರು. ಒಣ ಟವೆಲ್ ಹಿಡಿದು, ನನ್ನ ಕಾಲ ಬಳಿ ಮಂಡಿಯೂರಿ ಕೂತರು.

"ಅಲ್ಲೇ ನಿಂದರ್ರಿ ಸರ. ಹೆಜ್ಜಿ ಇಡಬ್ಯಾಡ್ರಿ."

ನೀರು ಯಾವಾಗಲೋ ಹೋಗಿತ್ತು. ಅವರು ಒರೆಸುತ್ತಲೇ ಇದ್ದರು. ನಾನು ನಿಂತೇ ಇದ್ದೆ.