ಅಕ್ಕನ ದಿಬ್ಬಕ್ಕೊಂದು ಕ್ಯಾಮ್ ಶಾಫ್ಟ್

ನನ್ನ ಗ್ಯಾರೇಜಿನ ಎದುರಿಗೇ ಟೈಲರಣ್ಣನ ಅಂಗಡಿ. ಹೊಲಿಗೆ ಮಿಷನ್ ಒಂದು, ಕುರ್ಚಿ ಎರಡು. ಎರಡನೆಯದರಲ್ಲಿ ಅವರ ಹೆಂಡತಿ ಕೂತು ಗುಂಡಿ ಹಾಕುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಆ ಕುರ್ಚಿಯ ಮೇಲೆ ಟೈಲರಣ್ಣ ಒಂದು ತುಂಡು ಬಟ್ಟೆಯನ್ನೂ ಇಡಲಿಲ್ಲ, ಗಿರಾಕಿಯನ್ನೂ ಕೂರಿಸಲಿಲ್ಲ. ಎಂಥ ದೊಡ್ಡಮನುಷ್ಯನಾದರೂ ನಿಂತೇ ಕಾಯಬೇಕು. ಮಾತೂ ಅಷ್ಟಕ್ಕಷ್ಟೆ. ಎದೆ, ಸೊಂಟ, ತೋಳು ಅಂತ ತಮಗೆ ತಾವೇ ಹೇಳಿಕೊಳ್ಳುವುದು ಬಿಟ್ಟರೆ ಬಾಯಿ ಬಿಡುತ್ತಿರಲಿಲ್ಲ.

ತಮ್ಮವರು ಅಂತ ಅವರಿಗೆ ಉಳಿದಿದ್ದವಳು ಅಕ್ಕ ಒಬ್ಬಳೇ. ಗಂಡ ತೀರಿದ ಮೇಲೂ ಊರಾಚೆ ದಿಬ್ಬದ ಮೇಲಿನ ಮನೆಯಲ್ಲೇ ಇದ್ದಳು. ಮಂಡಿ ಸವೆದು ಇಳಿದು ಬರಲಾರಳು, ಆ ಏರಿಗೆ ಬಾಡಿಗೆ ಗಾಡಿಯವರು ಬರುವುದಿಲ್ಲ. ಟೈಲರಣ್ಣನ ಹಳೇ ಕಾರು ಅರ್ಧ ಏರಿ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಅಕ್ಕನನ್ನು ಕರೆತಂದು ಜೊತೆಗಿಟ್ಟುಕೊಳ್ಳಬೇಕು, ಅದೊಂದೇ ಹಟ. ಅವಳಿಗೆಂದು ಒಳಕೋಣೆಗೆ ಪರದೆ ಹೊಲಿದರು, ಕಾರಿನ ಸೀಟಿಗೆ ದಿಂಬು ಹೊಲಿದರು.

ಎಂಜಿನ್ ಬಿಚ್ಚಿ ನೋಡಿದರೆ ಕ್ಯಾಮ್ ಶಾಫ್ಟ್ ಸವೆದಿತ್ತು. ಅದು ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುವ ಸರಳು. ತಿರುಗಿದ ಹಾಗೆ ಉಬ್ಬುಗಳು ಗಾಳಿಯ ಬಾಗಿಲನ್ನು, ಅಂದರೆ ವಾಲ್ವನ್ನು, ತಳ್ಳಿ ತೆರೆಯುತ್ತವೆ. ಎಂಜಿನ್ ಉಸಿರಾಡುವುದೇ ಹಾಗೆ. ಹೊಸದು ತನ್ನಿ ಅಂದರೆ ಈ ಪುಣ್ಯಾತ್ಮ ರೇಸಿನವರು ಹಾಕುವ ಕ್ಯಾಮ್ ಹಿಡಿದು ಬಂದರು. ನನಗೆ ಪಿತ್ತ ನೆತ್ತಿಗೇರಿತು.

"ಯಾರ್ ಹೇಳಿದ್ರು ಇದನ್ನ ತರೋಕೆ?"

"ಇರೋದ್ರಲ್ಲಿ ಇದರ ನಂಬರೇ ದೊಡ್ಡದು ಮೇಸ್ತ್ರಿ. ಮುನ್ನೂರು ಡಿಗ್ರಿ ಅಂತೆ. ದೊಡ್ಡದಾದ್ರೆ ದಮ್ಮು ಜಾಸ್ತಿ ಅಲ್ವಾ?"

"ನಿಮ್ಮ ತಲೆ! ವಾಪಸ್ ಕೊಟ್ಟು ಬನ್ನಿ."

"ಭಾನುವಾರ ಬರ್ತೀನಿ ಅಂತ ಅಕ್ಕಂಗೆ ಹೇಳ್ಬಿಟ್ಟಿದೀನಿ. ಹಾಕಿ ಒಂದ್ಸಲ."

ಹಾಳಾಗಿ ಹೋಗಲಿ ಅಂತ ಹಾಕಿದೆ. ನಿಂತಲ್ಲೇ ಕಾರು ಚಳಿಜ್ವರ ಬಂದ ಹಾಗೆ ನಡುಗಿತು. ದಿಬ್ಬದಲ್ಲಿ ಮೊದಲಿಗಿಂತ ಕೆಳಗೇ ಸತ್ತಿತು. ಟೈಲರಣ್ಣ ರಿವರ್ಸಿನಲ್ಲಿ ಇಳಿದು ಬಂದರು.

"ಟೈಲರಣ್ಣಾ, ಬಡಕಲು ಹುಡುಗನಿಗೆ ಪೈಲ್ವಾನನ ಅಳತೆಗೆ ಶರಟು ಹೊಲಿದ್ರೆ ಅವನು ಕುಸ್ತಿ ಗೆಲ್ತಾನಾ?" ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅವರು ಕತ್ತಿನ ಟೇಪು ಸರಿಮಾಡಿಕೊಂಡು, "ಅಳತೆ ಬಿಡಿಸಿ ಹೇಳಿ" ಅಂದರು.

"ಲಿಫ್ಟ್ ಅಂದ್ರೆ ವಾಲ್ವ್ ಎಷ್ಟು ಅಗಲ ತೆರೆಯುತ್ತೆ ಅನ್ನೋದು. ಡ್ಯುರೇಷನ್ ಅಂದ್ರೆ ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು. ಆ ಡಿಗ್ರಿ ಇದೇ. ರೇಸಲ್ಲಿ ಓಡೋ ಎಂಜಿನ್‌ಗೆ ಜಾಸ್ತಿ ಹೊತ್ತು ತೆರೆದಿದ್ರೆ ಒಳ್ಳೇದು. ನಿಮ್ದು ದಿಬ್ಬದಲ್ಲಿ ತೆವಳೋದು. ಎಳೆದ ಉಸಿರು ಬಂದ ದಾರೀಲೇ ವಾಪಸ್ ಹೋಗುತ್ತೆ."

"ಹಾಗಾದ್ರೆ ಬಾಗಿಲು ಸ್ವಲ್ಪ ಅಗಲ ತೆರೀಬೇಕು, ಆದ್ರೆ ಬೇಗ ಮುಚ್ಕೋಬೇಕು."

"ಹಾಂ! ಇಷ್ಟು ಬುದ್ಧಿ ಅವತ್ತೆಲ್ಲಿ ಮೇಯೋಕೆ ಹೋಗಿತ್ತು?"

ಈ ಸಲ ಸರಿಯಾದದ್ದೇ ತಂದರು. ಕೂರಿಸಿ, ವಾಲ್ವ್ ಗ್ಯಾಪ್ ನೋಡಿ ಸ್ಟಾರ್ಟ್ ಮಾಡಿದೆ. ಬಾನೆಟ್ ಮೇಲೆ ಕಾಸು ನಿಲ್ಲಿಸಿದರೂ ಬೀಳದಷ್ಟು ನಯವಾಗಿ ಓಡಿತು.

ಮುಂದಿನ ಭಾನುವಾರ ಹೋದವರು ಸಂಜೆ ಬಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಪಕ್ಕದ ಸೀಟಿನಲ್ಲಿ ದಿಂಬು ಮಾತ್ರ ಇತ್ತು.

"ಹತ್ತಲಿಲ್ವಾ?"

"ಒಂದೇ ಉಸಿರಿಗೆ ಹತ್ತಿತು ಮೇಸ್ತ್ರಿ. ಅಕ್ಕ ಬಂದು ಕೂತಳು ಕೂಡ. ಗೇಟ್ ದಾಟೋ ಹೊತ್ತಿಗೆ, 'ಇಳಿಸೋ, ನಿಮ್ಮ ಭಾವ ಕೂರ್ತಿದ್ದ ಜಾಗ ಬಿಟ್ಟು ಹೆಂಗೋ ಬರ್ಲಿ' ಅಂದ್ಲು."

"ಒತ್ತಾಯ ಮಾಡ್ಬಾರ್ದಿತ್ತಾ?"

"ಯಾವ ಬಾಯಲ್ಲಿ ಮಾಡ್ಲಿ?" ಅಂದು ಎದುರಿನ ತಮ್ಮ ಅಂಗಡಿ ಕಡೆ ನೋಡಿದರು. "ಅವಳ ಮನೇಲೂ ಒಂದು ಖಾಲಿ ಕುರ್ಚಿ ಇದೆ."

ನಾನು ಬಾನೆಟ್ ಮೇಲೆ ಕೈಯಿಟ್ಟೆ. ಎಂಜಿನ್ ಸುಮ್ಮನೆ ಓಡುತ್ತಲೇ ಇತ್ತು.

"ಬಂದ್ ಮಾಡಿ ಟೈಲರಣ್ಣಾ, ಪೆಟ್ರೋಲ್ ದಂಡ."

"ಒಂಚೂರು ಇರ್ಲಿ ಬಿಡಿ. ಮನೆಗೆ ಹೋದ್ರೆ ಇನ್ಯಾವ ಸದ್ದಿದೆ?"